ಜೇಬಿನೊಳಗಿನ ಅಗ್ನಿ

ಪೇಟೆಯ ಒಂದು ಸಾಧಾರಣ ಸಂಸಾರವನ್ನು ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮನೆಗೆ ಹಿರಿಯರಾದ ಅಜ್ಜಿ. ಮೊಬೈಲ್ ಫೋನು ನಾಲ್ಕು, ಹುಡುಗನ ಲ್ಯಾಪ್‌ಟಾಪು ಒಂದು, ಪ್ರಯಾಣಕ್ಕೆಂದು ಕೊಂಡ ಪವರ್ ಬ್ಯಾಂಕು ಒಂದು, ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯಿಲ್ಲದ ಗುಂಡಿಗಳು ಒಂದು ಜೊತೆ, ಕರೆಂಟು ಹೋದಾಗ ಬೆಳಗುವ ದೀಪ, ಗಡ್ಡ ಹೆರೆಯುವ ಯಂತ್ರ, ಇವೆಲ್ಲದರ ಜೊತೆಗೆ ಜಗಲಿಯಲ್ಲಿ ಒಂದು ವಿದ್ಯುತ್ ಸ್ಕೂಟರು. ಎಣಿಸಿದರೆ ಹತ್ತಕ್ಕೆ ಕಡಮೆಯಿಲ್ಲ. ಇವುಗಳೆಲ್ಲದರ ಹೊಟ್ಟೆಯಲ್ಲಿ ಇರುವುದು ಒಂದೇ ಜಾತಿಯ ವಸ್ತು, ಲಿಥಿಯಂ ಅಯಾನು ಬ್ಯಾಟರಿ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ವಹಿಸುವ ಎಚ್ಚರಿಕೆಯ ಹತ್ತರಲ್ಲೊಂದು ಪಾಲನ್ನು ನಾವು ಈ ವಸ್ತುವಿನ ವಿಷಯದಲ್ಲಿ ವಹಿಸುತ್ತಿಲ್ಲ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇವೆ.

ಬ್ಯಾಟರಿ ಎಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಬಹುಕಾಲ ಟಾರ್ಚು ಎಂದೇ ಅರ್ಥವಿತ್ತು. ‘ಕತ್ತಲೆಯಾಯಿತು, ಬ್ಯಾಟರಿ ತಗೊಂಡು ಹೋಗು’ ಎನ್ನುತ್ತಿದ್ದರು. ಆ ಟಾರ್ಚಿನೊಳಗಿನ ಸೆಲ್ಲು ಸಾಧುಪ್ರಾಣಿ. ಹಳೆಯದಾದರೆ ಒಸರಿ, ಟಾರ್ಚಿನ ಸುರುಳಿಗೆ ತುಕ್ಕು ಹಿಡಿಸುತ್ತಿತ್ತೇ ಹೊರತು ಮನೆಯನ್ನು ಸುಡುತ್ತಿರಲಿಲ್ಲ. ಏಕೆಂದರೆ ಅದರೊಳಗಿನ ಲೇಹ್ಯದಂಥ ಪದಾರ್ಥ ನೀರಿನಲ್ಲಿ ಕಲಸಿದ್ದು, ನೀರು ಉರಿಯುವುದಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ನೀರಿಗೆ ಸ್ಥಳವಿಲ್ಲ. ಟಾರ್ಚಿನ ಸೆಲ್ಲು ಕೊಡುವುದು ೧.೫ ವೋಲ್ಟು, ಲಿಥಿಯಂ ಸೆಲ್ಲು ಕೊಡುವುದು ಸುಮಾರು ೩.೭ ವೋಲ್ಟು. ಅಷ್ಟು ಒತ್ತಡಕ್ಕೆ ಸಿಕ್ಕಿದರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದುಹೋಗುತ್ತದೆ. ಆದುದರಿಂದ ನೀರಿನ ಬದಲು ಇಂಗಾಲಮೂಲದ ಒಂದು ದ್ರಾವಕದಲ್ಲಿ ಲಿಥಿಯಂ ಲವಣವನ್ನು ಕರಗಿಸಿ ತುಂಬಿರುತ್ತಾರೆ. ಈ ದ್ರಾವಕ ಚೆನ್ನಾಗಿ ಹೊತ್ತಿಕೊಳ್ಳುವ ಗುಣವುಳ್ಳದ್ದು. ಹೆಚ್ಚು ಶಕ್ತಿಯನ್ನು ಬಯಸಿದ್ದಕ್ಕೆ ನಾವು ಒಪ್ಪಿಕೊಂಡ ಕರಾರು ಇದು.

ಲಿಥಿಯಂ ಎಂಬ ಹೆಸರಿಗೆ ಮೂಲ ಗ್ರೀಕ್ ಭಾಷೆಯ ‘ಲಿಥೋಸ್’, ಎಂದರೆ ಕಲ್ಲು. ೧೮೧೭ರಲ್ಲಿ ಸ್ವೀಡನ್ನಿನ ಆರ್ಫ್ವೆಡ್‌ಸನ್ ಎಂಬ ರಸಾಯನಜ್ಞನು ಇದನ್ನು ಪೆಟಲೈಟ್ ಎಂಬ ಶಿಲೆಯಲ್ಲಿ ಕಂಡುಹಿಡಿದದ್ದರಿಂದ ಈ ಹೆಸರು. ಲೋಹಗಳಲ್ಲೆಲ್ಲ ಇದೇ ಅತ್ಯಂತ ಹಗುರ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಂಡೆಗಳಲ್ಲಿಯೂ ಸ್ವಲ್ಪ ಮಟ್ಟಿಗೆ ಉಂಟೆಂದು ಕೇಂದ್ರದ ಅಣು ಖನಿಜ ಇಲಾಖೆಯವರು ಗುರುತಿಸಿದ್ದಾರೆ. ಕಲ್ಲಿನಲ್ಲಿ ಅಗ್ನಿ ಅಡಗಿದೆಯೆಂಬುದು ನಮ್ಮ ಕವಿಗಳಿಗೆ ಹೊಸ ಮಾತೇನಲ್ಲವಾದರೂ, ಅದನ್ನು ಹೀಗೆ ಜೇಬಿನಲ್ಲಿ ಹೊತ್ತು ತಿರುಗುವ ಕಾಲ ಬರುವುದೆಂದು ಯಾರೂ ಎಣಿಸಿರಲಾರರು.

ಬೆಂಕಿಯ ಭಯ ಈ ಬ್ಯಾಟರಿಗೆ ಹುಟ್ಟಿನಿಂದಲೇ ಅಂಟಿದ್ದು. ೧೯೭೦ರ ದಶಕದಲ್ಲಿ ಅಮೆರಿಕದಲ್ಲಿ ವಿಟಿಂಗ್‌ಹ್ಯಾಮ್ ಎಂಬವರು ಮಾಡಿದ ಮೊದಲ ಮಾದರಿಯಲ್ಲಿ ಶುದ್ಧ ಲಿಥಿಯಂ ಲೋಹವೇ ಇತ್ತು. ಮತ್ತೆ ಮತ್ತೆ ಚಾರ್ಜು ಮಾಡಿದಾಗ ಆ ಲೋಹ ಮುಳ್ಳುಮುಳ್ಳಾಗಿ ಬೆಳೆದು, ಎದುರು ಪಕ್ಕವನ್ನು ಮುಟ್ಟಿ ಹೊತ್ತಿಕೊಳ್ಳುವ ತೊಂದರೆ ಕಂಡುಬಂತು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಗುಡ್‌ಇನಫ್ ಅವರು ಕೋಬಾಲ್ಟ್ ಆಕ್ಸೈಡನ್ನು ಬಳಸಿ ವೋಲ್ಟೇಜನ್ನು ಏರಿಸಿದರು. ೧೯೮೫ರಲ್ಲಿ ಜಪಾನಿನ ಯೋಶಿನೊ ಅವರು ಲೋಹದ ಬದಲು ಇಂಗಾಲದ ಪದರವನ್ನು ಇಟ್ಟು, ಲಿಥಿಯಂ ಅಯಾನುಗಳು ಮಾತ್ರ ಅದರೊಳಗೆ ಹೊಕ್ಕು ಹೊರಡುವಂತೆ ಮಾಡಿದರು. ೧೯೯೧ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಈ ಮೂವರಿಗೂ ಸಂದಿತು. ಲೋಹ ಹೋಯಿತು, ಹೊತ್ತಿಕೊಳ್ಳುವ ದ್ರವ ಉಳಿಯಿತು.

ಇನ್ನು ಒಳಗಿನ ರಚನೆಯನ್ನು ನೋಡೋಣ. ಸಣ್ಣ ಚಾಪೆಯನ್ನು ಸುರುಳಿ ಸುತ್ತಿದ ಹಾಗೆ ಒಂದು ಸುರುಳಿ. ತೆಳ್ಳನೆಯ ತಾಮ್ರದ ಹಾಳೆಗೆ ಗ್ರಾಫೈಟನ್ನು ಬಳಿದಿರುತ್ತದೆ, ಇದು ಋಣಪಕ್ಷ. ಅಲ್ಯೂಮಿನಿಯಂ ಹಾಳೆಗೆ ಲಿಥಿಯಂ ಸೇರಿದ ಆಕ್ಸೈಡನ್ನು ಬಳಿದಿರುತ್ತದೆ, ಇದು ಧನಪಕ್ಷ. ಇವೆರಡರ ನಡುವೆ ಪ್ಲಾಸ್ಟಿಕ್ಕಿನ ಒಂದು ತೆರೆ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಆ ರಂಧ್ರಗಳ ಮೂಲಕ ಧನಪಕ್ಷದಿಂದ ಋಣಪಕ್ಷಕ್ಕೆ ಬರುತ್ತವೆ. ಫೋನನ್ನು ಬಳಸುವಾಗ ಹಿಂದಿರುಗುತ್ತವೆ. ಎಲೆಕ್ಟ್ರಾನುಗಳು ಮಾತ್ರ ಈ ತೆರೆಯನ್ನು ದಾಟಲಾರವು. ಅವು ಹೊರಗಿನ ತಂತಿಯ ದಾರಿಯಲ್ಲೇ ಸುತ್ತಿಕೊಂಡು ಹೋಗಬೇಕು. ಹಾಗೆ ಹೋಗುವಾಗಲೇ ನಮ್ಮ ಕೆಲಸ ಮಾಡಿಕೊಡುತ್ತವೆ.

ಮದುವೆಯ ಮಂಟಪದಲ್ಲಿ ವಧೂವರರ ನಡುವೆ ಅಂತರಪಟ ಹಿಡಿಯುವುದನ್ನು ಎಲ್ಲರೂ ಕಂಡಿದ್ದೀರಿ. ಈ ಪ್ಲಾಸ್ಟಿಕ್ ತೆರೆಯೂ ಒಂದು ಅಂತರಪಟವೇ. ಅಲ್ಲಿ ಪಟ ಸರಿದರೆ ವಾದ್ಯ ಮೊಳಗುತ್ತದೆ. ಇಲ್ಲಿ ಪಟ ಸರಿದರೆ ಅನಾಹುತ. ಇದರ ದಪ್ಪವಾದರೂ ಎಷ್ಟು? ಸುಮಾರು ೨೦ ಮೈಕ್ರಾನು, ಎಂದರೆ ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲಿನ ಸುಮಾರು. ಇಡೀ ಮನೆಯ ಕ್ಷೇಮ ಇಷ್ಟು ತೆಳುವಾದ ಪೊರೆಯನ್ನು ನಂಬಿಕೊಂಡಿದೆ.

ಈ ಪೊರೆ ಎಲ್ಲಿಯಾದರೂ ತೂತಾಯಿತೆನ್ನಿ. ಎರಡು ಪಕ್ಷಗಳೂ ನೇರವಾಗಿ ಕೂಡುತ್ತವೆ; ಒಳಗೇ ಶಾರ್ಟ್ ಸರ್ಕಿಟ್ ಆಗಿ ಆ ಜಾಗ ಕಾಯುತ್ತದೆ. ಕಾವು ೧೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ ಗ್ರಾಫೈಟಿನ ಮೇಲಿರುವ ರಕ್ಷಕ ಪದರ ಒಡೆದು ತಾನೂ ಶಾಖವನ್ನು ಬಿಡುತ್ತದೆ. ೧೩೦ರ ಹೊತ್ತಿಗೆ ಪ್ಲಾಸ್ಟಿಕ್ ತೆರೆ ಕರಗತೊಡಗುತ್ತದೆ. ಮೊದಲು ಒಂದು ಚುಕ್ಕೆಯಷ್ಟಿದ್ದ ತೂತು ಈಗ ಹೆಬ್ಬಾಗಿಲಾಗುತ್ತದೆ. ೨೦೦ ದಾಟಿದರೆ ಕೋಬಾಲ್ಟ್ ಜಾತಿಯ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಒಂದೊಂದು ಹಂತವೂ ಮುಂದಿನ ಹಂತಕ್ಕೆ ಬೇಕಾದ ಶಾಖವನ್ನು ತಾನೇ ಒದಗಿಸುವುದರಿಂದ, ಒಮ್ಮೆ ಕಡಿವಾಣ ತಪ್ಪಿದರೆ ಹಿಡಿಯುವವರಿಲ್ಲ. ಇವೆಲ್ಲಕ್ಕೂ ಕೆಲವೊಮ್ಮೆ ಕೆಲವೇ ಸೆಕೆಂಡು ಸಾಕು. ಒಂದು ಸೆಲ್ಲಿನ ಕಾವು ಪಕ್ಕದ ಸೆಲ್ಲಿಗೆ ಹತ್ತುತ್ತದೆ. ಪಟಾಕಿಯ ಸರದ ಹಾಗೆ.

ಇಲ್ಲಿ ಗಮನಿಸಬೇಕಾದದ್ದು ಆಮ್ಲಜನಕದ ವಿಷಯ. ಒಲೆಯ ಬಳಿ ಬಟ್ಟೆಗೆ ಕಿಡಿ ತಗುಲಿದರೆ ಕಂಬಳಿ ಹೊದಿಸಿ ಗಾಳಿ ತಪ್ಪಿಸುತ್ತೇವೆ, ಬೆಂಕಿ ಆರುತ್ತದೆ. ಈ ಬ್ಯಾಟರಿಯ ಕಾವು ಹೊರಗಿನ ಗಾಳಿಗೆ ಕಾಯುವುದಿಲ್ಲ. ಮುಚ್ಚಿದರೂ ಒಳಗಿನ ಕ್ರಿಯೆ ನಡೆದೇ ಇರುತ್ತದೆ. ಪುರಾಣದ ವಡಬಾಗ್ನಿ ಸಮುದ್ರದೊಳಗೆ ಉರಿಯುತ್ತಿತ್ತಂತೆ. ಹೆಚ್ಚು ಕಡಮೆ ಅದೇ ಬಗೆ. ಇದರ ಜೊತೆಗೆ ಹೊಗೆ. ಅದರಲ್ಲಿ ಜಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೊಜನ್ ಫ್ಲೋರೈಡ್ ಮೊದಲಾದ ಅನಿಲಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಜ್ವಾಲೆಗಿಂತ ಮೊದಲು ಹೊಗೆಯೇ ಕೊಲ್ಲುತ್ತದೆ.

ಪೊರೆ ಕೆಡುವುದು ಹೇಗೆ? ಕೆಲವೊಮ್ಮೆ ಕಾರ್ಖಾನೆಯಲ್ಲೇ. ೨೦೧೬ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಕಂಪನಿ ಗ್ಯಾಲಕ್ಸಿ ನೋಟ್ ೭ ಎಂಬ ಫೋನನ್ನು ಹೊರತಂದಿತು. ಕೆಲವೇ ವಾರಗಳಲ್ಲಿ ಅವು ಅಲ್ಲಲ್ಲಿ ಹೊತ್ತಿಕೊಂಡು, ಸುಮಾರು ೨೫ ಲಕ್ಷ ಫೋನುಗಳನ್ನು ವಾಪಸು ಕರೆಯಬೇಕಾಯಿತು. ಬೇರೊಬ್ಬರ ಬ್ಯಾಟರಿ ಹಾಕಿ ಮತ್ತೆ ಕೊಟ್ಟರು, ಅವೂ ಉರಿದವು, ಅಕ್ಟೋಬರಿನಲ್ಲಿ ಆ ಮಾದರಿಯನ್ನೇ ಕೈಬಿಟ್ಟರು. ಮರುವರ್ಷ ಜನವರಿಯಲ್ಲಿ ಕಂಪನಿಯವರೇ ಪ್ರಕಟಿಸಿದ ಕಾರಣ ಕುತೂಹಲಕರವಾದದ್ದು. ಮೊದಲನೆಯ ಬ್ಯಾಟರಿಯಲ್ಲಿ ಸುರುಳಿಯ ಒಂದು ಮೂಲೆ ಬಾಗಿತ್ತು. ಎರಡನೆಯದರಲ್ಲಿ ಬೆಸುಗೆಯ ಚೂಪು ಎದ್ದು ಪೊರೆಯನ್ನು ಚುಚ್ಚಿತ್ತು. ಅಷ್ಟು ದೊಡ್ಡ ಕಂಪನಿಗೆ ಈ ಗತಿಯಾದರೆ, ಫುಟ್‌ಪಾತಿನಲ್ಲಿ ಹೆಸರಿಲ್ಲದೆ ಮಾರುವ ಪವರ್ ಬ್ಯಾಂಕಿನ ಮಾತೇನು? ಭಾರತೀಯ ಮಾನಕ ಸಂಸ್ಥೆಯ ಗುರುತೂ ಅದರೊಡನೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇವೆಯೇ ಎಂದು ಕೊಳ್ಳುವ ಮೊದಲು ತಿರುಗಿಸಿ ನೋಡತಕ್ಕದ್ದು. ಐವತ್ತು ರೂಪಾಯಿ ಉಳಿಸಲು ಹೋಗಿ ಹೆಸರಿಲ್ಲದ ಚಾರ್ಜರನ್ನು ತರುವುದೂ ಇದೇ ಬಗೆಯ ಉಳಿತಾಯ.

ಮಿಕ್ಕ ಕಾರಣಗಳು ನಮ್ಮ ಕೈಯವು. ಕೆಳಗೆ ಬಿದ್ದು ಜಜ್ಜಿದ್ದು, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟದ್ದು, ಮಳೆಯ ನೀರು ಹೊಕ್ಕದ್ದು, ದಿಂಬು ಹೊದಿಕೆಗಳ ನಡುವೆ ಚಾರ್ಜಿಗೆ ಇಟ್ಟದ್ದು. ರಾತ್ರಿಯೆಲ್ಲ ಚಾರ್ಜಿಗೆ ಇಟ್ಟರೆ ಒಡೆದೇ ಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಒಳ್ಳೆಯ ಫೋನು ತುಂಬಿದೊಡನೆ ತಾನೇ ನಿಲ್ಲಿಸಿಕೊಳ್ಳುತ್ತದೆ. ಆದರೆ ಚಾರ್ಜಾಗುವಾಗ ಹುಟ್ಟುವ ಕಾವು ಹೊರಗೆ ಹೋಗಲು ದಾರಿ ಬೇಕು. ಹತ್ತಿಯ ಹಾಸಿಗೆ ಆ ದಾರಿಯನ್ನು ಕಟ್ಟುತ್ತದೆ. ಮೇಲಾಗಿ, ಏನಾದರೂ ಆದರೆ ಹೊತ್ತಿಕೊಳ್ಳಲು ಹತ್ತಿಯೂ ಅಲ್ಲೇ, ತಲೆಯೂ ಅಲ್ಲೇ.

ಹಳೆಯ ಫೋನು ಪೂರಿಯಂತೆ ಉಬ್ಬುವುದನ್ನು ನೀವು ಕಂಡಿರಬಹುದು. ನಮ್ಮ ಶಾಲೆಯ ಹುಡುಗನೊಬ್ಬ ಅಂಥದೊಂದನ್ನು ತಂದು, ‘ಪಿನ್ನು ಚುಚ್ಚಿದರೆ ಗಾಳಿ ಹೋಗುತ್ತದಲ್ಲ, ಸಾರ್?’ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದ. ಅವರು ಗಾಬರಿಯಿಂದ ಅದನ್ನು ಕಸಿದುಕೊಂಡದ್ದು ನ್ಯಾಯವೇ. ಉಬ್ಬಿಸುವುದು ಬರಿಯ ಗಾಳಿಯಲ್ಲ. ಒಳಗಿನ ದ್ರವ ಕೆಟ್ಟು ಹುಟ್ಟಿದ ಅನಿಲ. ಚುಚ್ಚಿದರೆ ಅಂತರಪಟವನ್ನೇ ಹರಿದಂತೆ. ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ಚಾರ್ಜಿಗೆ ಹಾಕಲೂಬಾರದು.

ಫೋನಿನ ಬ್ಯಾಟರಿಯಲ್ಲಿ ಇರುವುದು ಹದಿನೈದರಿಂದ ಇಪ್ಪತ್ತು ವಾಟ್-ಅವರ್ ಶಕ್ತಿ. ವಿದ್ಯುತ್ ಸ್ಕೂಟರಿನಲ್ಲಿ ಎರಡು ಸಾವಿರದಿಂದ ನಾಲ್ಕು ಸಾವಿರದವರೆಗೆ. ನೂರು, ಇನ್ನೂರು ಫೋನುಗಳನ್ನು ಒಂದು ಪೆಟ್ಟಿಗೆಯಲ್ಲಿ ಪೇರಿಸಿ ಇಟ್ಟಂತಾಯಿತು. ೨೦೨೨ರ ಮಾರ್ಚಿನಲ್ಲಿ ತಮಿಳುನಾಡಿನ ವೇಲೂರಿನಲ್ಲಿ ರಾತ್ರಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ತಂದೆಯೂ ಮಗಳೂ ಹೊಗೆಯಲ್ಲಿ ಉಸಿರುಕಟ್ಟಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ ೧೨ರ ರಾತ್ರಿ ಸಿಕಂದರಾಬಾದಿನಲ್ಲಿ, ಕೆಳಗೆ ವಿದ್ಯುತ್ ಸ್ಕೂಟರುಗಳ ಅಂಗಡಿ, ಮೇಲೆ ವಸತಿಗೃಹ ಇದ್ದ ಕಟ್ಟಡವೊಂದರಲ್ಲಿ ಬೆಂಕಿ ಎದ್ದು ಎಂಟು ಮಂದಿ ಸತ್ತರು. ಸತ್ತವರು ಸ್ಕೂಟರು ಕೊಳ್ಳಲು ಬಂದವರಲ್ಲ. ಮೇಲಿನ ಕೋಣೆಗಳಲ್ಲಿ ಇಳಿದುಕೊಂಡಿದ್ದವರು. ಹೊಗೆ ಮೆಟ್ಟಿಲ ದಾರಿಯಲ್ಲಿ ಏರಿತು. ಇಳಿಯಬೇಕಾದ ದಾರಿಯೂ ಅದೇ ಆಗಿತ್ತು. ದೂರದ ನ್ಯೂಯಾರ್ಕ್ ನಗರವೊಂದರಲ್ಲೇ ೨೦೨೩ರಲ್ಲಿ ಈ ಜಾತಿಯ ಬ್ಯಾಟರಿಗಳಿಂದ ೨೬೮ ಬೆಂಕಿಗಳೆದ್ದು ೧೮ ಜನ ಸತ್ತರು.

ಪೆಟ್ರೋಲ್ ಬಂಡಿ ಸುಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸುಡುತ್ತದೆ, ನಿಜ. ಆದರೆ ಪೆಟ್ರೋಲ್ ಬಂಡಿಯನ್ನು ಯಾರೂ ರಾತ್ರಿ ನಡುಮನೆಯಲ್ಲಿ ನಿಲ್ಲಿಸಿ ಎಣ್ಣೆ ತುಂಬಿಸುವುದಿಲ್ಲ. ನಮ್ಮ ಮನೆಗಳಿಗೆ ಬಹುಮಟ್ಟಿಗೆ ಇರುವುದು ಒಂದೇ ಬಾಗಿಲು, ಒಂದೇ ಮಹಡಿ ಮೆಟ್ಟಿಲು. ಸ್ಕೂಟರನ್ನು ನಿಲ್ಲಿಸಿ ಪ್ಲಗ್ಗು ಹಾಕುವ ಜಾಗವೂ ಅದೇ ಮೆಟ್ಟಿಲ ಕೆಳಗೆ. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಅಪಾಯಕರವಾದ ಅಭ್ಯಾಸ ಇದೊಂದೇ. ಸ್ಕೂಟರನ್ನಾಗಲಿ ಕಳಚಿ ತಂದ ಬ್ಯಾಟರಿಯನ್ನಾಗಲಿ ನಾವು ಓಡಿ ಹೊರಗೆ ಹೋಗಬೇಕಾದ ದಾರಿಯಲ್ಲಿ ಇಡಲೇಬಾರದು. ಅಂಗಳದಲ್ಲಿ, ನೆರಳಿನಲ್ಲಿ, ಎಚ್ಚರವಾಗಿರುವ ಹೊತ್ತಿನಲ್ಲಿ ಚಾರ್ಜು ಮಾಡಬಹುದು. ೨೦೨೨ರ ಡಿಸೆಂಬರಿನಿಂದ ಸರ್ಕಾರ ಈ ವಾಹನಗಳ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದೆ. ಕೊಳ್ಳುವವರು ಅಂಗಡಿಯವನನ್ನು, ‘ಇದು ಕಬ್ಬಿಣದ ಫಾಸ್ಫೇಟಿನದೋ?’ ಎಂದು ಕೇಳಬಹುದು. ಆ ಜಾತಿ ಸ್ವಲ್ಪ ತೂಕ ಹೆಚ್ಚಾದರೂ ಆಮ್ಲಜನಕವನ್ನು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಕಾವನ್ನು ಹೆಚ್ಚು ತಡೆದುಕೊಳ್ಳುತ್ತದೆ.

ಹೊತ್ತಿಕೊಂಡರೆ ಏನು ಮಾಡಬೇಕು? ಲಿಥಿಯಂ ಲೋಹ ನೀರಿನಲ್ಲಿ ಕೆರಳುವುದೆಂದು ಪಾಠದಲ್ಲಿ ಓದಿದವರು ನೀರು ಹಾಕಲು ಹೆದರುತ್ತಾರೆ. ಈ ಬ್ಯಾಟರಿಯಲ್ಲಿ ಲೋಹರೂಪದ ಲಿಥಿಯಂ ಗಟ್ಟಿಯಾಗಿ ಇಟ್ಟದ್ದಿಲ್ಲವಾದ್ದರಿಂದ ನೀರೇ ಮದ್ದು; ಕಾವನ್ನು ಇಳಿಸುವುದೇ ಇಲ್ಲಿ ಉಪಾಯ. ಫೋನಾದರೆ, ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ದೂರದಿಂದ ಬಿಂದಿಗೆಗಟ್ಟಲೆ ನೀರು ಸುರಿಯಬೇಕು. ಉರಿ ನಿಂತಿತೆಂದು ಕೈಗೆತ್ತಿಕೊಳ್ಳಬಾರದು. ಗಂಟೆಗಳ ಮೇಲೆಯೂ ಮತ್ತೆ ಹೊತ್ತುವುದುಂಟು. ಸ್ಕೂಟರಾದರೆ ಸಾಹಸ ಬೇಡ. ಬುಸ್ಸೆಂಬ ಸದ್ದು, ಬಿಳಿಯ ಹೊಗೆ ಕಂಡೊಡನೆ ಮಕ್ಕಳನ್ನೂ ವೃದ್ಧರನ್ನೂ ಹೊರಡಿಸಿ, ಬಾಗಿಲೆಳೆದುಕೊಂಡು, ೧೦೧ ಇಲ್ಲವೆ ೧೧೨ಕ್ಕೆ ಕರೆ ಮಾಡುವುದು.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಪವರ್ ಬ್ಯಾಂಕನ್ನು ಕೆಳಗಿನ ಸರಕಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡಗೊಡುವುದಿಲ್ಲ, ಕೈಚೀಲದಲ್ಲೇ ಇರಬೇಕು. ಅಲ್ಲಿ ಹೊತ್ತಿಕೊಂಡರೆ ಯಾರಾದರೂ ನೋಡುತ್ತಾರೆ ಎಂಬುದೇ ಕಾರಣ. ೨೦೧೦ರ ಸೆಪ್ಟೆಂಬರಿನಲ್ಲಿ ದುಬೈ ಬಳಿ ಲಿಥಿಯಂ ಬ್ಯಾಟರಿಗಳನ್ನು ಹೊತ್ತಿದ್ದ ಸರಕು ವಿಮಾನವೊಂದು ಬೆಂಕಿಗೆ ಸಿಕ್ಕಿ ಬಿದ್ದು, ಅದನ್ನು ನಡೆಸುತ್ತಿದ್ದ ಇಬ್ಬರೂ ಮಡಿದರು. ನೂರು ವಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಅಪ್ಪಣೆ ಬೇಕು. ಲೆಕ್ಕ ಸುಲಭ: ಮೇಲೆ ೨೦,೦೦೦ ಮಿಲಿಆಂಪ್-ಅವರ್ ಎಂದು ಬರೆದಿದ್ದರೆ ಅದನ್ನು ಸಾವಿರದಿಂದ ಭಾಗಿಸಿ ೩.೭ರಿಂದ ಗುಣಿಸಿರಿ, ೭೪ ಬರುತ್ತದೆ.

ಇನ್ನು ಸತ್ತ ಬ್ಯಾಟರಿಯ ಸಂಗತಿ. ಇದನ್ನು ಅಡುಗೆಮನೆಯ ಕಸದ ಜೊತೆ ಕಟ್ಟಿ ಕೊಡುವವರೇ ಬಹಳ. ಕಸದ ಲಾರಿಯಲ್ಲಿ ಅದು ಜಜ್ಜಿಹೋಗಿ ಹೊತ್ತಿಕೊಂಡರೆ, ಸುಟ್ಟುಕೊಳ್ಳುವುದು ಪೌರಕಾರ್ಮಿಕರ ಕೈ. ೨೦೨೨ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಆದಕಾರಣ ಕೊಂಡ ಕಂಪನಿಯ ಸರ್ವಿಸ್ ಸೆಂಟರಿನಲ್ಲೋ ಇ-ತ್ಯಾಜ್ಯ ಸಂಗ್ರಹಿಸುವವರಲ್ಲೋ ಒಪ್ಪಿಸುವುದು ಸರಿ. ಅಲ್ಲಿಗೆ ಒಯ್ಯುವವರೆಗೆ ಅದರ ಲೋಹದ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಬೀಗದ ಕೈ, ಚಿಲ್ಲರೆ ನಾಣ್ಯಗಳು ಸೋಕದ ಹಾಗೆ, ಮನೆಯ ಹೊರಗಿನ ಒಂದು ಮಣ್ಣಿನ ಕುಂಡದಲ್ಲಿ ಬೇರೆಯಾಗಿ ಇಟ್ಟಿರಬೇಕು.