ಕೊಯ್ಯದೆ ಉಳಿಸಿದ ಸಾಲು

ಹೊಸೂರು ದಾಟಿ ಕೃಷ್ಣಗಿರಿಯ ಕಡೆ ಹೊರಟರೆ, ಸೂಳಗಿರಿ ಸಮೀಪಿಸಿದಂತೆ ಬಂಡೆಗುಡ್ಡಗಳ ಬುಡದ ಹೊಲಗಳಿಗೆ ಬಣ್ಣ ಬರುತ್ತದೆ. ಟೊಮೆಟೊ, ಕೋಸು, ಕೊತ್ತಂಬರಿ. ನಡುನಡುವೆ ಚೆಂಡುಹೂ, ಆಸ್ಟರ್, ಕೋಳಿಜುಟ್ಟು. ಹೊಸೂರಿನ ಹೆಸರನ್ನು ಹೊರದೇಶಕ್ಕೆ ಒಯ್ದದ್ದು ಹಸಿರುಮನೆಯ ಗುಲಾಬಿ. ಆದರೆ ಅದು ಕಸಿಗಿಡದ ಹೂ. ಬೀಜದಿಂದ ಹುಟ್ಟಿ, ಒಂದೇ ಬೆಳೆಯಲ್ಲಿ ಹೂ ಕೊಟ್ಟು, ಬೀಜ ಕಟ್ಟಿ ಒಣಗುವ ಈ ಬಯಲ ಹೂಗಳೇ ನನಗೆ ಹೆಚ್ಚು ಹತ್ತಿರ. ಇವುಗಳ ಬೀಜ ರೈತರ ಮನೆಯಲ್ಲೇ ಉಳಿಯಬಲ್ಲದು.

ಆಸ್ಟರನ್ನೇ ನೋಡಿ. ಹುಟ್ಟೂರು ಚೀನಾ, 18ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಸೇರಿತು. ಇಲ್ಲಿ ಹಾರಕ್ಕೂ ಬಿಡಿಹೂವಿಗೂ ಕಡ್ಡಿಸಮೇತ ಹೂದಾನಿಗೂ ಒದಗುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯೊಲೆಟ್ ಕುಷನ್ ಎಂಬ ತಳಿಗಳನ್ನು ಕೊಟ್ಟಿದೆ. ಆಸ್ಟರ್ ಬಹುಪಾಲು ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ, ಕಾಮಿನಿಯ ಬೀಜ ಬಿತ್ತಿದರೆ ಮತ್ತೆ ಕಾಮಿನಿಯೇ ಬರುತ್ತದೆ. ಹೈಬ್ರಿಡ್ ಚೆಂಡುಹೂವಿಗೆ ಈ ಮಾತು ಸಲ್ಲದು. ಅದರ ಬೀಜ ಬಿತ್ತಿದರೆ ಎತ್ತರ, ಬಣ್ಣ, ಗಾತ್ರ ಎಲ್ಲ ಚೆದುರಿಹೋಗುತ್ತದೆ. ಪ್ರತಿ ಸಲವೂ ಅಂಗಡಿಗೇ ಹೋಗಬೇಕು. ನಾಟಿ ಚೆಂಡುಹೂವಿನ ಬೀಜ ಇಡುವವರೂ ಎಚ್ಚರವಾಗಿರಬೇಕು. ಜೇನು ಪಕ್ಕದ ಹೊಲದ ಪರಾಗವನ್ನೂ ತಂದು ಬೆರೆಸುತ್ತದೆ.

ಬೀಜ ತೆಗೆಯುವ ಕೆಲಸ ಕೇಳಿದಷ್ಟು ಸುಲಭವಲ್ಲ. ಆಸ್ಟರ್ ಹೂ ಒಣಗಿ ನಡುವೆ ಬಿಳಿ ತುಪ್ಪಳ ಕಾಣಿಸಿದ ಕೂಡಲೇ ಕೀಳಬೇಕು; ತಡಮಾಡಿದರೆ ಗಾಳಿ ಹೊತ್ತೊಯ್ಯುತ್ತದೆ. ಚೆಂಡುಹೂವಿನ ಒಣತೊಟ್ಟು ಬಿಡಿಸಿದರೆ ಕಪ್ಪು ಕಡ್ಡಿಯಂಥ ಬೀಜ. ಕೋಳಿಜುಟ್ಟನ್ನು ತಟ್ಟೆಯ ಮೇಲೆ ತಲೆಕೆಳಗಾಗಿ ಕೊಡವಿದರೆ ಸಾಸಿವೆಗಿಂತ ಸಣ್ಣಗೆ, ಕರಿಮಣಿಯ ಹೊಳಪಿನಲ್ಲಿ ಉದುರುತ್ತದೆ. ತಮಿಳರು ವಾಡಾಮಲ್ಲಿ, ಅಂದರೆ ಬಾಡದ ಮಲ್ಲಿಗೆ, ಎಂದು ಕರೆಯುವ ಹೂವಿನ ಬೀಜ ಅರಳೆಯಂಥ ನಾರಿನೊಳಗೆ ಅಡಗಿರುತ್ತದೆ. ಎಲ್ಲವನ್ನೂ ನೆರಳಲ್ಲಿ ಒಣಗಿಸಿ ತೇವ ತಾಗದಂತೆ ಇಡಬೇಕು. ಅದರಲ್ಲೂ ಆಸ್ಟರ್ ಬೀಜದ ಮೊಳಕೆಶಕ್ತಿ ಬೇಗ ಕುಂದುತ್ತದೆ, ಮುಂದಿನ ಹಂಗಾಮಿಗೇ ಬಿತ್ತಿಬಿಡುವುದು ಲೇಸು.

ಜೇನಿನ ವಿಷಯಕ್ಕೆ ಬಂದರೆ ಒಂದು ತೊಡಕಿದೆ. ಮಾರುಕಟ್ಟೆಗೆ ದಳ ಕಿಕ್ಕಿರಿದ ದುಂಡು ಹೂ ಬೇಕು. ಜೇನಿಗೆ ಬೇಕಾದದ್ದು ನಡುವೆ ಹಳದಿ ಕಣ್ಣು ತೆರೆದಿರುವ ಒಂಟಿ ಸುತ್ತಿನ ಹೂ. ಮಕರಂದ, ಪರಾಗ ಕೈಗೆ ಸಿಗುವುದು ಅಲ್ಲಿ. ಸುತ್ತಿನ ಮೇಲೆ ಸುತ್ತು ದಳ ತುಂಬಿದಷ್ಟೂ ತುಡುವೆ, ಕೋಲ್ಜೇನುಗಳ ಊಟ ಕಡಿಮೆಯಾಗುತ್ತದೆ. ಹಾಗಾಗಿ ಬದುವಿನಲ್ಲಿ ನಾಟಿ ಚೆಂಡುಹೂ, ಮೂಲೆಯಲ್ಲೊಂದಿಷ್ಟು ಹೂಬಿಟ್ಟ ಕೊತ್ತಂಬರಿ ಇರಲೇಬೇಕೆಂದು ನನ್ನ ಆಸೆ. ಸೊಪ್ಪಿಗೆ ಬೆಲೆ ಬೀಳುವ ದಿನಗಳಲ್ಲಿ ಕೀಳದೆ ಬಿಟ್ಟ ಕೊತ್ತಂಬರಿ ಮಡಿಯ ಮುಂದೆ ಬೆಳಗ್ಗೆ ನಿಂತರೆ ಆ ಗುಂಯ್‌ಗುಟ್ಟುವಿಕೆಯೇ ಸಾಕು.

ಟೊಮೆಟೊ ಬೆಳೆಯುವ ಈ ಸೀಮೆಗೆ ಹೆಸರಘಟ್ಟದಿಂದ ಇನ್ನೊಂದು ಸಲಹೆಯೂ ಬಂದಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಚೆಂಡುಹೂವಿನ ಸಸಿ 40 ದಿನದ್ದು, ಟೊಮೆಟೊ ಸಸಿ 25 ದಿನದ್ದು, ಎರಡನ್ನೂ ಒಂದೇ ದಿನ ನೆಡಬೇಕು. ಆಗ ಎರಡೂ ಒಟ್ಟಿಗೆ ಹೂಬಿಡುತ್ತವೆ, ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಚೆಂಡುಹೂವಿನ ಮೇಲೆ ಮೊಟ್ಟೆಯಿಡುತ್ತದೆ.

ಮತ್ತೆ ಬೀಜದ ಮಾತಿಗೆ ಬಂದರೆ, ಕತ್ತರಿಸಿದ ಹೂ ಬೀಜ ಕಟ್ಟುವುದಿಲ್ಲ. ಆಯುಧಪೂಜೆಯ ಹೊತ್ತಿಗೆ ಹೂವಿನ ಬೆಲೆ ಏರಿದಾಗ ಒಂದು ಸಾಲನ್ನು ಕೊಯ್ಯದೆ ಬಿಡಲು ಗಟ್ಟಿ ಮನಸ್ಸು ಬೇಕು. ಹಾಗೆ ಬಿಡುವುದಾದರೆ ಕೊನೆಗುಳಿದ ಬಡಕಲು ಗಿಡಗಳ ಸಾಲು ಬೇಡ. ಎಲ್ಲಕ್ಕಿಂತ ಚೆನ್ನಾಗಿ ಅರಳಿದ ಗಿಡಗಳಿಗೇ ಮೊದಲೇ ಬಣ್ಣದ ದಾರ ಕಟ್ಟಿ ಗುರುತು ಮಾಡಿಡಬೇಕು.