ದಂತವೈದ್ಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ: ಓದಿನ ಲೆಕ್ಕ, ಮನೆಯವರ ಹೊಣೆ

ದಾವಣಗೆರೆ, ಬೆಳಗಾವಿ, ಮೈಸೂರು, ಚಿತ್ರದುರ್ಗಗಳ ದಂತವೈದ್ಯ ಕಾಲೇಜುಗಳಿಂದ ಪದವಿ ಪಡೆದು ಹೊರಬಂದ ಮಕ್ಕಳು ಇಂದು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ನಾಲ್ಕು ವರ್ಷಗಳ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿದು ಬಿ.ಡಿ.ಎಸ್. ಕೈಸೇರಿದ ದಿನ ಮನೆಯಲ್ಲಿ ಹಬ್ಬದ ಸಂಭ್ರಮ. ಆ ಸಂಭ್ರಮ ಆರುವ ಮುನ್ನವೇ ‘ಮುಂದೇನು?’ ಎಂಬ ಪ್ರಶ್ನೆ ಎದುರಾಗುತ್ತದೆ. ಸ್ವಂತ ಕ್ಲಿನಿಕ್ ತೆರೆಯಬೇಕೇ, ಹಿರಿಯ ವೈದ್ಯರ ಬಳಿ ಕೆಲವು ಕಾಲ ದುಡಿಯಬೇಕೇ, ಎಂ.ಡಿ.ಎಸ್.ಗೆ ಓದಬೇಕೇ? ಹಲವರು ಕೊನೆಯದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಪರೀಕ್ಷೆಯ ಸ್ವರೂಪವನ್ನೇ ಅರಿಯದೆ, ದಪ್ಪ ಪುಸ್ತಕಗಳನ್ನು ಮೊದಲ ಪುಟದಿಂದ ತೆರೆದು ಕುಳಿತವರು ಆರು ತಿಂಗಳಲ್ಲಿ ಬಸವಳಿದುದನ್ನು ನಾವು ಕಂಡಿದ್ದೇವೆ.

ಹಿಂದೆ ಅಖಿಲ ಭಾರತ ಮಟ್ಟಕ್ಕೊಂದು, ರಾಜ್ಯಕ್ಕೊಂದು, ಖಾಸಗಿ ಕಾಲೇಜುಗಳ ಒಕ್ಕೂಟಕ್ಕೊಂದು ಎಂದು ಹಲವು ಪರೀಕ್ಷೆಗಳಿದ್ದವು. ಸಾಮಾನ್ಯ ಪರೀಕ್ಷೆಯ ಮೊದಲ ಪ್ರಯತ್ನವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದುಗೊಳಿಸಿತಾದರೂ, 2016ರಲ್ಲಿ ಅದು ಮತ್ತೆ ಜೀವ ತಳೆಯಿತು. ಅಂದಿನಿಂದ ನೀಟ್ ಎಂ.ಡಿ.ಎಸ್. ಎಂಬ ಒಂದೇ ಬಾಗಿಲು. ಏಮ್ಸ್‌ನಂತಹ ರಾಷ್ಟ್ರೀಯ ಮಹತ್ವದ ಸಂಸ್ಥೆಗಳಿಗೆ ಮಾತ್ರ ಐ.ಎನ್.ಐ.-ಸಿ.ಇ.ಟಿ. ಎಂಬ ಪ್ರತ್ಯೇಕ ಪರೀಕ್ಷೆಯಿದೆ.

ನೀಟ್‌ನಲ್ಲಿ 240 ಪ್ರಶ್ನೆಗಳು, 960 ಅಂಕಗಳು, ಮೂರು ಗಂಟೆಗಳ ಅವಧಿ. ಸರಿಯುತ್ತರಕ್ಕೆ 4 ಅಂಕ. ತಪ್ಪುತ್ತರಕ್ಕೆ 1 ಅಂಕದ ಕಡಿತ. ಶರೀರರಚನೆ, ಔಷಧಶಾಸ್ತ್ರ ಮೊದಲಾದ ಮೂಲವಿಷಯಗಳಿಂದ 100 ಪ್ರಶ್ನೆಗಳು, ಚಿಕಿತ್ಸಾ ವಿಷಯಗಳಿಂದ 140. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ದೊರೆಯುವುದು 45 ಸೆಕೆಂಡು ಮಾತ್ರ. 2025ರ ಪರೀಕ್ಷೆಯಲ್ಲಿ ಮೊದಲ ಭಾಗಕ್ಕೆ 75 ನಿಮಿಷ, ಎರಡನೆಯದಕ್ಕೆ 105 ನಿಮಿಷ ಎಂದು ಕಾಲವನ್ನೂ ವಿಭಜಿಸಲಾಯಿತು. ಒಂದು ಭಾಗದಲ್ಲಿ ಉಳಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಭ್ಯರ್ಥಿಯೇ ಆಮೂಲಾಗ್ರ ಓದಬೇಕು. ಗೆಳೆಯರ ಬಾಯಿಮಾತು ಸಾಲದು.

ಈ 45 ಸೆಕೆಂಡುಗಳಲ್ಲಿಯೇ ಪರೀಕ್ಷೆಯ ಮರ್ಮವಿದೆ. ಅಷ್ಟರೊಳಗೆ ಪ್ರಶ್ನೆಯನ್ನು ಓದಿ, ನಾಲ್ಕು ಉತ್ತರಗಳನ್ನು ತೂಗಿ ನಿರ್ಧರಿಸಬೇಕಾದರೆ ವಿಷಯವು ಸ್ಮೃತಿಯ ಮೇಲ್ಪದರದಲ್ಲಿಯೇ ಇರಬೇಕು. ಒಮ್ಮೆ ಓದಿ ಅರ್ಥಮಾಡಿಕೊಂಡದ್ದು ಅಲ್ಲಿರುವುದಿಲ್ಲ. ಮೂರು ನಾಲ್ಕು ಬಾರಿ ತಿರುವಿದ್ದು ಮಾತ್ರ ಇರುತ್ತದೆ. ಆದುದರಿಂದ ಹತ್ತು ಪುಸ್ತಕಗಳನ್ನು ಒಂದು ಬಾರಿ ಓದುವುದಕ್ಕಿಂತ ಮೂರು ಪುಸ್ತಕಗಳನ್ನು ನಾಲ್ಕು ಬಾರಿ ಓದುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಶೇಫರ್, ಕರಾಂಝಾ, ಪ್ರಾಫಿಟ್ ಮೊದಲಾದವರ ಮೂಲ ಗ್ರಂಥಗಳು ಸಂದೇಹ ಪರಿಹಾರಕ್ಕೆ ಮೇಜಿನ ಮೇಲಿರಲಿ. ದಿನನಿತ್ಯದ ಓದು ಹಿಂದಿನ ವರ್ಷಗಳ ಪ್ರಶ್ನೆಗಳಿಂದ ಹೊರಟು ಆ ಗ್ರಂಥಗಳ ಕಡೆಗೆ ಸಾಗಲಿ.

ಇನ್ನೊಂದು ಉಪಾಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಕಾಲೇಜಿನಲ್ಲಿ ವಿಷಯಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಕಲಿಸುತ್ತಾರೆ. ಪರೀಕ್ಷೆ ಅವುಗಳನ್ನು ಒಂದೆಡೆ ಕಲೆಸಿ ಕೇಳುತ್ತದೆ. ಉದಾಹರಣೆಗೆ ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಇದು ಪುಸ್ತಕದ ಮಾತಲ್ಲ. ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳನ್ನು ಅವರು ಕಂಡವರೇ. ಆ ಕಲೆಯನ್ನು ಮುಂದಿಟ್ಟುಕೊಂಡು ಅಭ್ಯರ್ಥಿ ಹಿಂದಕ್ಕೆ ನಡೆಯಲಿ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಎನಾಮಲ್ ಕಟ್ಟುವ ಜೀವಕೋಶಗಳ ಮೇಲೆ ಆದ ಪರಿಣಾಮ, ಊತಕಶಾಸ್ತ್ರ. ಹಿತಮಿತವಾದ ಫ್ಲೋರೈಡ್ ಎನಾಮಲನ್ನು ಆಮ್ಲಕ್ಕೆ ಜಗ್ಗದಂತೆ ಮಾಡುವ ಬಗೆ, ಜೀವರಸಾಯನಶಾಸ್ತ್ರ. ಕಲೆಯ ತೀವ್ರತೆಯನ್ನು ಅಳೆಯುವ ಡೀನ್ ಸೂಚ್ಯಂಕ, ಸಮುದಾಯ ದಂತವೈದ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ, ಬೇರೆ ಮೂಲವಿಲ್ಲದಾಗ 1.5ರವರೆಗೆ ಎಂಬ ಭಾರತೀಯ ಮಾನದಂಡ. ಪಟಿಕ ಮತ್ತು ಸುಣ್ಣದಿಂದ ನೀರನ್ನು ಶುದ್ಧಿಗೊಳಿಸುವ ನಲಗೊಂಡ ವಿಧಾನ. ಮಕ್ಕಳ ಹಲ್ಲಿಗೆ ಲೇಪಿಸುವ ದ್ರಾವಣಗಳಲ್ಲಿ ಸೋಡಿಯಂ ಫ್ಲೋರೈಡ್ ಶೇ. 2, ಸ್ಟ್ಯಾನಸ್ ಫ್ಲೋರೈಡ್ ಶೇ. 8, ಎ.ಪಿ.ಎಫ್. ಶೇ. 1.23. ಹೀಗೆ ಒಂದು ಸಂಜೆಯಲ್ಲಿ ಐದು ವಿಷಯಗಳ ಪರಿಷ್ಕರಣೆ ನಡೆಯಿತು. ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ಕಲೆಸಿಹೋಗುವ ಈ ಅಂಕಿಗಳು ಒಂದು ಕಥೆಯಲ್ಲಿ ಪೋಣಿಸಿದಾಗ ನಿಲ್ಲುತ್ತವೆ. ಕೆಳದವಡೆಗೆ ಕೊಡುವ ಅರಿವಳಿಕೆ ಚುಚ್ಚುಮದ್ದನ್ನೂ ಇದೇ ರೀತಿ ಶರೀರರಚನೆ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆಗಳ ಮೂಲಕ ಓದಬಹುದು.

ಇಂಟರ್ನ್‌ಶಿಪ್ ವರ್ಷವನ್ನು ವಿಶ್ರಾಂತಿಯ ವರ್ಷವೆಂದು ತಿಳಿಯುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಸಿದ್ಧತೆ ಆರಂಭವಾಗಬೇಕಾದುದು ಅಲ್ಲಿಯೇ. ಹಗಲು ಕಂಡ ರೋಗಿಯ ಎಕ್ಸ್‌ರೇ ಚಿತ್ರವನ್ನು ರಾತ್ರಿ ಪುಸ್ತಕದಲ್ಲಿ ಹುಡುಕುವವನಿಗೆ ಚಿತ್ರ ತೋರಿಸಿ ಕೇಳುವ ಪ್ರಶ್ನೆಗಳು ಹೊಸತೆನಿಸುವುದಿಲ್ಲ. ಸೋಪಿನ ನೊರೆಯಂತೆ ಕಾಣುವ ಅಮೆಲೋಬ್ಲಾಸ್ಟೋಮ, ಸೂರ್ಯಕಿರಣದಂತೆ ಚೆದರುವ ಆಸ್ಟಿಯೋಸಾರ್ಕೋಮ, ಇವು ಕಣ್ಣಿನಿಂದ ಕಲಿಯಬೇಕಾದವು. ಜೊತೆಗೆ ವಾರಕ್ಕೊಂದು ಮಾದರಿ ಪರೀಕ್ಷೆ, ಅದರಲ್ಲಿ ತಪ್ಪಿದ ಪ್ರಶ್ನೆಗಳಿಗಾಗಿಯೇ ಒಂದು ನೋಟುಪುಸ್ತಕ. ಕೊನೆಯ ತಿಂಗಳಲ್ಲಿ ಆ ನೋಟುಪುಸ್ತಕದಷ್ಟು ಬೆಲೆಬಾಳುವ ಗ್ರಂಥ ಬೇರೊಂದಿಲ್ಲ.

ಋಣಾತ್ಮಕ ಅಂಕದ ಭಯದಿಂದ ಸಂದೇಹವಿದ್ದ ಪ್ರಶ್ನೆಗಳನ್ನೆಲ್ಲ ಬಿಟ್ಟುಬಿಡಲು ಹಿರಿಯರು ಹೇಳುವುದುಂಟು. ಗಣಿತ ಹಾಗೆ ಹೇಳುವುದಿಲ್ಲ. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ಊಹೆಯಿಂದ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಅಂದರೆ 4ರಲ್ಲಿ 3 ಕಳೆದು ಒಂದು ಅಂಕದ ಲಾಭ. ಇದು ಅದೃಷ್ಟವನ್ನು ನೆಚ್ಚಿದ ಅಲ್ಪ ಲಾಭ, ನಿಜ. ಆದರೆ ಎರಡು ಉತ್ತರಗಳು ಖಂಡಿತ ತಪ್ಪೆಂದು ತಿಳಿದು ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಪ್ರತಿ ಪ್ರಶ್ನೆಗೂ ಸರಾಸರಿ ಒಂದೂವರೆ ಅಂಕ ದೊರೆಯುತ್ತದೆ. ಅರ್ಧ ತಿಳಿದ ಪ್ರಶ್ನೆಯನ್ನು ಖಾಲಿ ಬಿಡುವುದು ಸರಿಯಲ್ಲ.

ಈಗ ಪಾಲಕರಿಗೆ ಎರಡು ಮಾತು. ಓದುವ ಮಗನಿಗೆ ಕೋಣೆಯೊಂದನ್ನು ಬಿಟ್ಟುಕೊಡುವ ಮನೆಗಳು, ಅದೇ ಪರೀಕ್ಷೆಗೆ ಓದುವ ಮಗಳನ್ನು ಅತಿಥಿಗಳು ಬಂದಾಗಲೆಲ್ಲ ಅಡುಗೆಮನೆಗೆ ಕರೆಯುತ್ತವೆ. ನಡುನಡುವೆ ವರನ ಕಡೆಯವರು ನೋಡಲು ಬರುತ್ತಾರೆ. ಹೀಗೆ ದಿನಕ್ಕೆ ಎರಡು ಗಂಟೆ ಹೋದರೂ ವರ್ಷಕ್ಕೆ ಏಳುನೂರು ಗಂಟೆ ಮೀರುತ್ತದೆ. ಪರೀಕ್ಷೆ ಮುಗಿಯುವವರೆಗೆ ಸಂಬಂಧದ ಮಾತುಕತೆಯನ್ನು ಮುಂದೂಡಿದರೆ ಯಾವ ಮನೆತನಕ್ಕೂ ಕುಂದಿಲ್ಲ. ಮೊದಲ ಯತ್ನದಲ್ಲಿ ಬಯಸಿದ ಸ್ಥಾನ ದೊರೆಯದಿದ್ದರೆ ಮತ್ತೊಂದು ವರ್ಷ ಕೊಡಬೇಕೇ ಎಂಬುದು ಕಠಿಣ ಪ್ರಶ್ನೆ. ಮಾದರಿ ಪರೀಕ್ಷೆಗಳ ಅಂಕ ಏರುಮುಖವಾಗಿದ್ದರೆ ಕೊಡುವುದು ಯುಕ್ತ; ಇದ್ದಲ್ಲಿಯೇ ನಿಂತಿದ್ದರೆ ವಾರದ ಕೆಲವು ದಿನ ವೃತ್ತಿಯಲ್ಲಿ ತೊಡಗಿಕೊಂಡೇ ಓದುವುದು ಮೇಲು. ಹೊಲ ಮಾರಿ ಬೇಡದ ವಿಭಾಗದ ದುಬಾರಿ ಸೀಟು ಕೊಳ್ಳುವುದನ್ನು ಮಾತ್ರ ನಾವು ಅನುಮೋದಿಸಲಾರೆವು. ಎಂ.ಡಿ.ಎಸ್. ಮೂರು ವರ್ಷದ್ದು; ಅದರ ಸಾಲ ತೀರಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ.

ಅರ್ಹತೆ ಬೇರೆ, ಸ್ಥಾನ ಬೇರೆ ಎಂಬುದನ್ನೂ ತಿಳಿದಿರಬೇಕು. ಸಾಮಾನ್ಯ ವರ್ಗಕ್ಕೆ ನಿಗದಿಯಾದ 50ನೆಯ ಪರ್ಸೆಂಟೈಲ್ ಎಂದರೆ ಶೇಕಡ 50 ಅಂಕವಲ್ಲ. ಬರೆದವರಲ್ಲಿ ಅರ್ಧದಷ್ಟು ಜನರನ್ನು ಹಿಂದಿಕ್ಕಿದ ಸ್ಥಾನ. ಅದು ಸಮಾಲೋಚನೆಗೆ ಕಾಲಿಡುವ ಅನುಮತಿ ಮಾತ್ರ. ಬೇಡಿಕೆಯ ಆರ್ಥೊಡಾಂಟಿಕ್ಸ್, ಎಂಡೊಡಾಂಟಿಕ್ಸ್, ಶಸ್ತ್ರಚಿಕಿತ್ಸೆಗಳು ಸರ್ಕಾರಿ ಕಾಲೇಜಿನಲ್ಲಿ ಬೇಕೆಂದರೆ ಅದಕ್ಕಿಂತ ಬಹಳ ಮೇಲಿನ ಶ್ರೇಯಾಂಕ ಅಗತ್ಯ. ಒಟ್ಟು ವಿಭಾಗಗಳು ಒಂಬತ್ತು. ಯಾವುದು ತನ್ನ ಕೈಗೂ ಮನಸ್ಸಿಗೂ ಒಗ್ಗುತ್ತದೆಂಬುದನ್ನು ಇಂಟರ್ನ್‌ಶಿಪ್‌ನಲ್ಲಿಯೇ ಗುರುತಿಸಿಕೊಂಡವರಿಗೆ ಆಯ್ಕೆಯ ವೇಳೆ ಗೊಂದಲವಿರುವುದಿಲ್ಲ.

ಆಯ್ಕೆಯಲ್ಲಿಯೂ ಎರಡು ದಾರಿಗಳಿವೆ. ಸರ್ಕಾರಿ ಕಾಲೇಜುಗಳ ಶೇ. 50ರ ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ದೆಹಲಿಯ ಎಂ.ಸಿ.ಸಿ. ಹಂಚುತ್ತದೆ, ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ದಂತವೈದ್ಯ ಕಾಲೇಜುಗಳು ಈ ದಾರಿಯಲ್ಲಿವೆ. ದಾವಣಗೆರೆಯ ಬಾಪೂಜಿಯಂತಹ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಒಂದೆಡೆ ಅರ್ಜಿ ಹಾಕಿ ಎರಡೂ ಕಡೆ ಆಯಿತೆಂದು ಭಾವಿಸಬಾರದು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು, ಇಂಟರ್ನ್‌ಶಿಪ್ ಪೂರ್ಣಗೊಳಿಸಿದ ಪತ್ರ, ದಂತವೈದ್ಯ ಪರಿಷತ್ತಿನ ನೋಂದಣಿ, ಇವುಗಳನ್ನು ಪರೀಕ್ಷೆಗೆ ಮೊದಲೇ ತಂದಿಡುವ ಕೆಲಸವನ್ನು ತಂದೆಯೋ ಅಣ್ಣನೋ ವಹಿಸಿಕೊಳ್ಳಬಹುದು. ತಹಶೀಲ್ದಾರರ ಕಚೇರಿಯ ಅಲೆದಾಟವು ಓದುವವರ ಪಾಲಿಗೆ ಬರದಿರಲಿ.