ನೀರು ಕುಡಿದ ಮೇಲೆ ಎಲ್ಲಿಗೆ ಹೋಗೋದು?

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಷಿಪ್‌ಗೆ ಹೋಗಿದ್ದ ಕಾರ್ಖಾನೆಯಲ್ಲಿ ಒಂದು ಹಳೇ ರಿಜಿಸ್ಟರ್ ಕಣ್ಣಿಗೆ ಬಿತ್ತು. ಯಾವ ಗೋಡೆಗೆ ಯಾವತ್ತು ಸುಣ್ಣ ಬಳಿದರು ಎಂಬ ಲೆಕ್ಕ ಅದರಲ್ಲಿತ್ತು. ನನಗೆ ನಗು ಬಂತು. ನಮ್ಮ ಮನೆಗಳಲ್ಲಿ ಸುಣ್ಣ ಹೊಡೆಸೋದು ಹಬ್ಬ ಬಂದಾಗ. ಇಲ್ಲಿ ಅದಕ್ಕೂ ದಾಖಲೆಯೇ? ‘ಇನ್‌ಸ್ಪೆಕ್ಟರ್ ಬಂದರೆ ಮೊದಲು ಇದನ್ನೇ ಕೇಳ್ತಿದ್ರು’ ಎಂದರು ಸೂಪರ್‌ವೈಸರ್.

ಕುತೂಹಲಕ್ಕೆ ಹುಡುಕಿದೆ. 14 ತಿಂಗಳಿಗೊಮ್ಮೆಯಾದರೂ ಸುಣ್ಣ ಬಳಿಯಬೇಕು, ತಾರೀಖು ಬರೆದಿಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ಉಗುಳಲು ಪಾತ್ರೆ, ಎಲ್ಲೆಂದರಲ್ಲಿ ಉಗುಳಿದವರಿಗೆ ಐದು ರೂಪಾಯಿವರೆಗೆ ದಂಡ ಇವೆಲ್ಲವೂ ಅದರಲ್ಲಿದ್ದವು. ಸುಣ್ಣದ ನಿಯಮವಂತೂ ಇನ್ನೂ ಹಳೆಯದು. ಬ್ರಿಟನ್ನಿನಲ್ಲಿ 1802ರಲ್ಲೇ ಗಿರಣಿಗಳ ಕೋಣೆಗಳಿಗೆ ವರ್ಷಕ್ಕೆ ಎರಡು ಸಲ ಸುಣ್ಣ ಬಳಿಯಬೇಕೆಂಬ ಕಾನೂನು ಬಂದಿತ್ತು.

ನಮ್ಮ ಮೈಸೂರಿಗೂ ಈ ಪಾಠ ಕಷ್ಟಪಟ್ಟೇ ಬಂತು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಇಕ್ಕಟ್ಟಾದ ಕೇರಿಗಳ ಜನರನ್ನು ಬಲಿ ತೆಗೆದುಕೊಂಡಿತು. ಐದು ವರ್ಷದ ಬಳಿಕ ಊರನ್ನು ಅಗಲ ಮಾಡಲೆಂದೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಹಳೇ ಬಡಾವಣೆಗಳ ಮನೆಗಳ ಹಿಂದೆ ಇವತ್ತೂ ಕಾಣುವ ಕನ್ಸರ್ವೆನ್ಸಿ ಗಲ್ಲಿಗಳು ಆ ಯೋಚನೆಯ ಗುರುತು. ಕ್ಷಯ ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಅದೇ ರೋಗಕ್ಕೆ ತುತ್ತಾದರು. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ 1921ರಲ್ಲಿ ಶುರುವಾಯಿತು. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹತ್ತಾರು ಜನ ಒಟ್ಟಿಗೆ ಕೂತರೆ ಒಬ್ಬರ ಕೆಮ್ಮು ಎಲ್ಲರ ಕಾಯಿಲೆ ಆಗುತ್ತದೆ. ಕೆಲಸದ ಜಾಗವನ್ನು ಸರ್ಕಾರ ಬಂದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಆದರೆ ನೋಡುವವರ ಕಣ್ಣು ಮೊದಲು ಬಿದ್ದಿದ್ದು ದೊಡ್ಡ ಕಟ್ಟಡಗಳ ಮೇಲೆ. 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯಂಥವು ಎಲ್ಲರಿಗೂ ಕಾಣುತ್ತಿದ್ದವು. ಬ್ರಿಟಿಷ್ ಇಂಡಿಯಾದ 1934ರ ಕಾನೂನಿನಲ್ಲಿ ಯಂತ್ರಶಕ್ತಿ ಬಳಸಿ, 20 ಜನ ದುಡಿಯುವ ಜಾಗವಾದರೆ ಅದು ಕಾರ್ಖಾನೆ. ನಾಲ್ಕೈದು ಜನರ ಅಂಗಡಿ ಯಾವ ಲೆಕ್ಕಕ್ಕೂ ಇಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಬಂದ ಅಂಗಡಿ ಕಾಯ್ದೆ ಮಾತ್ರ ಅಂಗಡಿಯವರಿಗೂ ಗಾಳಿ, ಶೌಚಾಲಯ ಬೇಕು ಎಂದಿತು; ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ನಿಂತೇ ದುಡಿಯುವ ಮೂವರು ಹೆಣ್ಣುಮಕ್ಕಳಿಗೆ ಒಂದು ಕುರ್ಚಿಯಾದರೂ ಇರಲಿ ಎಂದು ಅಲ್ಲಿ 1899ರಲ್ಲೇ ಕಾನೂನಾಗಿತ್ತು. ನಮ್ಮ ದೇಶದಲ್ಲಿ ಅಂಗಡಿಗಳಿಗೆಂದೇ ಮೊದಲ ಕಾಯ್ದೆ ಬಂದದ್ದು 1939ರಲ್ಲಿ, ಬಾಂಬೆ ಪ್ರಾಂತ್ಯದಲ್ಲಿ. ಇವತ್ತು ನಮಗೆ ಅನ್ವಯಿಸುವುದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ.

ಇದನ್ನೆಲ್ಲ ಓದುತ್ತಾ ನನಗೆ ನೆನಪಾಗಿದ್ದು ಅಕ್ಕ. ಅವಳು ನಗರದ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳ ಸಂಬಳದಲ್ಲೇ ನನ್ನ ಬಿಇ ಫೀಸಿನ ಒಂದು ಪಾಲು. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕು. ಆರು ಜನ ಕೆಲಸದವರಿದ್ದಾರೆ, ಶೌಚಾಲಯವಿಲ್ಲ. ಹೋಗಲೇಬೇಕೆಂದರೆ ಪಕ್ಕದ ರಸ್ತೆಯ ಹೋಟೆಲಿನವರನ್ನು ಕೇಳಿಕೊಳ್ಳಬೇಕು. ಹೋದ ಬೇಸಿಗೆಯಲ್ಲಿ ಅವಳಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಡಾಕ್ಟರು ‘ಚೆನ್ನಾಗಿ ನೀರು ಕುಡೀಬೇಕಮ್ಮ’ ಅಂದರು. ಮನೆಗೆ ಬಂದು ನಾನೂ ಅದನ್ನೇ ಹೇಳಿದೆ. ‘ಕುಡೀಬಹುದು ಕಣೋ, ಆಮೇಲೆ ಎಲ್ಲಿಗೆ ಹೋಗ್ಲಿ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಒಂದೇ ತಿಂಗಳು ಇದ್ದ ಕಾರ್ಖಾನೆಯಲ್ಲಿ ಗೋಡೆಯ ಸುಣ್ಣಕ್ಕೂ ಲೆಕ್ಕವಿತ್ತು. ಅಕ್ಕ ಮೂರು ವರ್ಷದಿಂದ ದುಡಿಯುತ್ತಿರುವ ಕಡೆ ಅವಳ ದೇಹದ ಅಗತ್ಯಕ್ಕೇ ಲೆಕ್ಕವಿಲ್ಲ. ಮಾಲೀಕರು ಕೆಟ್ಟವರಲ್ಲ, ಹಬ್ಬಕ್ಕೆ ಸೀರೆ ಕೊಡುತ್ತಾರೆ, ಹುಷಾರಿಲ್ಲದಾಗ ರಜೆಯನ್ನೂ ಕೊಟ್ಟರು. ಆದರೆ ಶೌಚಾಲಯ ಎಲ್ಲಿದೆ ಎಂದು ಅವರನ್ನು ಯಾರೂ ಕೇಳಿಯೇ ಇಲ್ಲ. ಅಂಗಡಿಗೆ ಪಾಲಿಕೆಯಿಂದ ಉದ್ದಿಮೆ ಪರವಾನಗಿ ಬೇಕು. ಅದನ್ನು ಕೊಡುವಾಗ, ನವೀಕರಿಸುವಾಗ ಈ ಒಂದು ಪ್ರಶ್ನೆ ಕೇಳಿದರೆ ಸಾಕು. ಒಂದೊಂದು ಅಂಗಡಿಗೂ ಜಾಗವಿಲ್ಲ ಎನ್ನುವುದಾದರೆ ಒಂದು ಕಟ್ಟಡದ ಹತ್ತು ಅಂಗಡಿಯವರು ಸೇರಿ ಒಂದು ಕಟ್ಟಿಸಬಹುದಲ್ಲ?

ಪಕ್ಕದ ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿ, 2018ರಲ್ಲಿ ಕಾಯ್ದೆಗೇ ತಿದ್ದುಪಡಿ ತರಿಸಿದರು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಎರಡೂ ಕಡೆ ಬದಲಾವಣೆ ಬಂದದ್ದು ಕೇಳಿದ್ದರಿಂದ.

ನಮ್ಮಲ್ಲಿ ಎಷ್ಟೋ ಜನ ಓದುತ್ತಲೇ ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುತ್ತೇವೆ. ಇಂಟರ್ವ್ಯೂನಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಎಂದಾಗ ಸಂಬಳ ಕೇಳಲೇ ಸಂಕೋಚಪಡುತ್ತೇವೆ. ಇನ್ನು ಮೇಲೆ ಇನ್ನೊಂದನ್ನೂ ಸೇರಿಸಿಕೊಳ್ಳೋಣ: ಕುಡಿಯುವ ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ?

ಅಕ್ಕ ಮತ್ತು ಅವಳ ಜೊತೆಯವರು ಹೋದ ವಾರ ಮಾಲೀಕರನ್ನು ಕೇಳಿದ್ದಾರೆ. ‘ನೋಡೋಣ’ ಅಂದಿದ್ದಾರಂತೆ. ಮುಂದಿನ ವಾರ ಮತ್ತೆ ಕೇಳುತ್ತಾರಂತೆ.